ಬೆಳಗಿನ ಜಾವ ನಾಲ್ಕೂವರೆಗೆ ಹಿತ್ತಿಲ ಆಕಾಶ

ನಮ್ಮ ಹಿತ್ತಿಲು ದೊಡ್ಡದೇನಲ್ಲ. ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ಎರಡು ತೆಂಗಿನ ಮರ, ಮೂಲೆಯಲ್ಲೊಂದು ಕರಿಬೇವು. ಬಾವಿಗೂ ಕಲ್ಲಿಗೂ ನಡುವೆ ನಾಲ್ಕು ಹೆಜ್ಜೆಯಷ್ಟು ಬರೀ ಮಣ್ಣಿನ ಜಾಗ ಇದೆ. ಐದಿಂಚು ಅಗಲದ ಕನ್ನಡಿಯಿರುವ ನನ್ನ ಟೆಲಿಸ್ಕೋಪು ನಿಲ್ಲುವುದು ಅಲ್ಲೇ. ಹಾಸನದ ಕಡೆಯ ಸಣ್ಣ ಊರು ನಮ್ಮದು.

ಎಲ್ಲರ ಹಾಗೆ ನಾನೂ ಮೊದಲು ಸಂಜೆಯ ಗಿರಾಕಿಯೇ. ಊಟ ಮುಗಿಸಿ ಎಂಟು ಗಂಟೆಗೆ ಟೆಲಿಸ್ಕೋಪು ಹೊತ್ತು ತಾರಸಿ ಹತ್ತುತ್ತಿದ್ದೆ. ಎತ್ತರಕ್ಕೆ ಹೋದಷ್ಟೂ ಆಕಾಶ ಜಾಸ್ತಿ ಅನ್ನೋ ಲೆಕ್ಕ. ಒಂದು ಜನವರಿಯಲ್ಲಿ ಗುರು ಗ್ರಹ ಪೂರ್ವದಲ್ಲಿ ಚೆನ್ನಾಗಿ ಹೊಳೆಯುತ್ತಿತ್ತು. ಟೆಲಿಸ್ಕೋಪು ತಿರುಗಿಸಿದರೆ ಹರಿಯುವ ನೀರಿನ ತಳದಲ್ಲಿ ಬಿದ್ದ ನಾಣ್ಯದ ಹಾಗೆ ಕುಣಿಯುತ್ತಿತ್ತು. ಅದರ ಮೈಮೇಲಿನ ಪಟ್ಟೆಗಳನ್ನು ಹುಡುಕಿ ಹುಡುಕಿ ಕಣ್ಣು ನೋವು ಬಂತು. ಟೆಲಿಸ್ಕೋಪೇ ಸರಿಯಿಲ್ಲ ಅಂದುಕೊಂಡೆ.

ಅದೇ ವಾರ ಬೆಂಗಳೂರಿನ ಮೊದಲ ಬಸ್ಸು ಹಿಡಿಯೋಣ ಅಂತ ನಾಲ್ಕಕ್ಕೆ ಎದ್ದೆ. ಸ್ನಾನಕ್ಕೆ ನೀರು ಕಾಯಬೇಕಿತ್ತು. ಹಿತ್ತಿಲ ಬಾಗಿಲು ತೆಗೆದರೆ ಗುರು ಪಶ್ಚಿಮಕ್ಕೆ ವಾಲಿತ್ತು. ಹಿಂದಿನ ವರಾಂಡದಲ್ಲಿದ್ದ ಟೆಲಿಸ್ಕೋಪನ್ನು ಸುಮ್ನೆ ಎತ್ತಿ ಮಣ್ಣಿನ ಮೇಲಿಟ್ಟೆ. ಎರಡು ಕಂದು ಪಟ್ಟೆಗಳು ಗೆರೆ ಎಳೆದ ಹಾಗೆ ನಿಂತಿದ್ದವು. ಪಕ್ಕದಲ್ಲಿ ನಾಲ್ಕು ಉಪಗ್ರಹ. ಅವುಗಳಲ್ಲಿ ಒಂದು ಗುರುವಿನ ಅಂಚಿಗೆ ಎಷ್ಟು ಹತ್ತಿರ ಇತ್ತೆಂದರೆ, ಇನ್ನೇನು ಹಿಂದೆ ಅಡಗುತ್ತೆ ಅಂತ ಕಾಯುತ್ತಾ ಕೂತೆ. ಬಸ್ಸು ತಪ್ಪಿತು.

ಆಮೇಲೆ ಯೋಚಿಸಿದೆ. ಅದೇ ಟೆಲಿಸ್ಕೋಪು, ಕಣ್ಣಿಡುವ ಮಸೂರ ಅಂದರೆ ಐಪೀಸೂ ಅದೇ, ಅದೇ ಗುರು. ರಾತ್ರಿ ಎಂಟಕ್ಕೆ ಪೂರ್ವದಲ್ಲಿ ಎಷ್ಟು ಎತ್ತರದಲ್ಲಿತ್ತೋ, ನಾಲ್ಕೂವರೆಗೆ ಪಶ್ಚಿಮದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರ. ಬದಲಾಗಿದ್ದು ಎರಡೇ: ಗಂಟೆ, ಮತ್ತು ಕಾಲ ಕೆಳಗಿನ ನೆಲ.

ಗಾಳಿ ಮಲಗುವ ಹೊತ್ತು

ನಕ್ಷತ್ರದ ಬೆಳಕು ನೂರಾರು, ಸಾವಿರಾರು ವರ್ಷ ಖಾಲಿ ಜಾಗದಲ್ಲಿ ನೆಟ್ಟಗೆ ಬರುತ್ತದೆ. ಅದು ಕೆಡುವುದು ಕೊನೆಯ ಕೆಲವು ಕಿಲೋಮೀಟರಿನಲ್ಲಿ, ನಮ್ಮ ಗಾಳಿಯೊಳಗೆ. ಬಿಸಿ ಗಾಳಿ ಬೆಳಕನ್ನು ಒಂದು ಥರ ಬಗ್ಗಿಸುತ್ತದೆ, ತಣ್ಣನೆ ಗಾಳಿ ಇನ್ನೊಂದು ಥರ. ಎರಡೂ ಬೆರೆತು ಏಳುತ್ತಾ ಬೀಳುತ್ತಾ ಇದ್ದರೆ ಬೆಳಕಿನ ದಾರಿ ಕ್ಷಣಕ್ಷಣಕ್ಕೂ ಅಲುಗುತ್ತದೆ. ಕಾದ ದೋಸೆ ಹೆಂಚಿನ ಮೇಲಿಂದ ಆಚೆ ಗೋಡೆ ನೋಡಿ, ಗೋಡೆಯೇ ಅಲ್ಲಾಡಿದ ಹಾಗೆ ಕಾಣುತ್ತದೆ. ನಕ್ಷತ್ರ ಮಿನುಗುವುದೂ ಇದೇ ಕಾರಣಕ್ಕೆ. ಮಿನುಗುವುದನ್ನು ಹಾಡಿನಲ್ಲಿ ಹೊಗಳುತ್ತೇವೆ, ಆದರೆ ಟೆಲಿಸ್ಕೋಪು ಇಟ್ಟವರಿಗೆ ಅದು ಶಾಪ.

ನಮ್ಮ ತಾರಸಿ ಇಂಥ ಒಂದು ದೊಡ್ಡ ಹೆಂಚು. ಕಾಂಕ್ರೀಟು ಇಡೀ ದಿನ ಬಿಸಿಲು ಕುಡಿದು ಕೂತಿರುತ್ತದೆ. ರಾತ್ರಿ ಎಂಟಕ್ಕೆ ಅಂಗೈ ಇಟ್ಟು ನೋಡಿ, ಇನ್ನೂ ಬೆಚ್ಚಗೆ ಇರುತ್ತದೆ. ಆ ಬಿಸಿ ಮೇಲೇಳುವ ಜಾಗದಲ್ಲೇ ನಾವು ಟೆಲಿಸ್ಕೋಪು ಇಟ್ಟು, ಅದರ ಮೂಲಕವೇ ಗುರುವನ್ನು ನೋಡುತ್ತೇವೆ. ಸುತ್ತಲಿನ ಮನೆಗಳ ತಾರಸಿಯದೂ ಅದೇ ಕತೆ. ಬೆಳಗಿನ ಜಾವ ಮೂರು, ನಾಲ್ಕರ ಹೊತ್ತಿಗೆ ಈ ಬಿಸಿ ಬಹುಪಾಲು ಖರ್ಚಾಗಿರುತ್ತದೆ. ನೆಲಕ್ಕೂ ಗಾಳಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇಲ್ಲದಿದ್ದರೆ ಕಲಕಾಟವೂ ಇಲ್ಲ. ಮಣ್ಣು, ಹುಲ್ಲು ಕಾಂಕ್ರೀಟಿಗಿಂತ ಬೇಗ ತಣಿಯುವುದರಿಂದ ಹಿತ್ತಿಲಿಗೆ ಇನ್ನೊಂದಿಷ್ಟು ಲಾಭ.

ಹಾಗಂತ ಪ್ರತಿದಿನ ಮುಂಜಾನೆ ಹೀಗೇ ಇರುತ್ತೆ ಅಂತಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ಜೋರು ಗಾಳಿ ಬೀಸುತ್ತಿದ್ದರೆ ನಮ್ಮ ನೆಲ ತಣ್ಣಗಿದ್ದೂ ಪ್ರಯೋಜನ ಇಲ್ಲ. ಪರೀಕ್ಷೆ ಸುಲಭ: ನೆತ್ತಿಯ ಹತ್ತಿರದ ನಕ್ಷತ್ರ ನೋಡಿ. ಅದೂ ಜೋರಾಗಿ ಮಿನುಗುತ್ತಿದ್ದರೆ ಆ ದಿನ ಗ್ರಹದ ಆಸೆ ಬಿಟ್ಟುಬಿಡಿ. ದಿಗಂತದ ಹತ್ತಿರದ್ದು ಯಾವಾಗಲೂ ಮಿನುಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಲ್ಲಿ ಹೊಸಬರು ಎಡವುವ ಒಂದು ವಿಷಯ ಇದೆ. ತಿಳಿಯಾದ ಆಕಾಶ ಬೇರೆ, ನಿಶ್ಚಲವಾದ ಗಾಳಿ ಬೇರೆ. ಮಳೆ ಬಂದು ತೊಳೆದ ಹಾಗೆ ಫಳಫಳ ಹೊಳೆಯುವ ಆಕಾಶದಲ್ಲಿ ಗುರು ಕುಣಿಯಬಹುದು. ಸ್ವಲ್ಪ ಕಾವಳ ಕವಿದು ಮಂಕಾಗಿರುವ ಬೆಳಗ್ಗೆ ಅದೇ ಗುರು ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಲ್ಲಬಹುದು. ಗ್ರಹ, ಚಂದ್ರ, ಜೋಡಿ ನಕ್ಷತ್ರಗಳಿಗೆ ನಿಶ್ಚಲತೆ ಬೇಕು. ನೀಹಾರಿಕೆ, ನಕ್ಷತ್ರಗುಚ್ಛಗಳಿಗೆ ತಿಳಿ ಆಕಾಶ ಬೇಕು. ಎರಡೂ ಒಟ್ಟಿಗೆ ಸಿಗುವ ದಿನ ಕಡಿಮೆ. ನಮ್ಮ ಕಡೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಆಗಾಗ ಸಿಗುತ್ತದೆ.

ಐದಿಂಚು ಸಾಕಾ?

ಟೆಲಿಸ್ಕೋಪಿನ ಕೆಲಸ ದೊಡ್ಡದು ಮಾಡಿ ತೋರಿಸುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು, ಡಬ್ಬದ ಮೇಲೆ ಐನೂರು ಪಟ್ಟು ಅಂತ ಬರೆದಿದ್ದ ಒಂದು ಆಟಿಕೆಯನ್ನು ಕೊಂಡಿದ್ದೆ. ಅದರ ಕಾಲು ಎಷ್ಟು ಅಲುಗುತ್ತಿತ್ತೆಂದರೆ ಉಸಿರು ಬಿಟ್ಟರೂ ಚಂದ್ರ ಓಡಿಹೋಗುತ್ತಿದ್ದ.

ನಿಜವಾದ ಕೆಲಸ ಬೆಳಕು ಹಿಡಿಯುವುದು. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್. ನನ್ನ ಟೆಲಿಸ್ಕೋಪಿನ ಕನ್ನಡಿ 130 ಮಿಲಿಮೀಟರ್. ಅಗಲದಲ್ಲಿ ಹದಿನೆಂಟು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ವಿಸ್ತೀರ್ಣದಲ್ಲಿ ಸುಮಾರು 340 ಪಟ್ಟು. ಮಳೆ ನೀರು ಹಿಡಿಯಲು ಲೋಟದ ಬದಲು ದೊಡ್ಡ ಹಂಡೆ ಇಟ್ಟ ಹಾಗೆ. ಎಷ್ಟು ಪಟ್ಟು ದೊಡ್ಡದು ಮಾಡಿ ನೋಡಬೇಕು ಅನ್ನುವುದನ್ನು ಐಪೀಸು ತೀರ್ಮಾನಿಸುತ್ತದೆ. ಕನ್ನಡಿಯ ಸಂಗಮ ದೂರವನ್ನು (ಬೆಳಕನ್ನು ಅದು ಒಂದು ಬಿಂದುವಿಗೆ ತಂದು ಸೇರಿಸುವ ದೂರ) ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ. ನನ್ನದು 650 ಮಿಲಿಮೀಟರ್. 25ರ ಐಪೀಸು ಹಾಕಿದರೆ 26 ಪಟ್ಟು, 10ರದ್ದು ಹಾಕಿದರೆ 65 ಪಟ್ಟು. ಕನ್ನಡಿಯ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಅನ್ನುವುದು ಮೇಲ್ಮಿತಿ. ನನಗೆ ಅದು 260 ಆಯಿತು, ಆದರೆ 150 ದಾಟಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಯಾಕೆಂದರೆ ಮತ್ತೆ ಗಾಳಿ. ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು ನಾಲ್ಕು ಕಿಲೋಮೀಟರ್ ದೂರದಲ್ಲಿ ಹಿಡಿದರೆ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೋ, ಅದಕ್ಕೆ ಒಂದು ಆರ್ಕ್‌ಸೆಕೆಂಡ್ ಅನ್ನುತ್ತಾರೆ. ಐದಿಂಚಿನ ಕನ್ನಡಿ ಹೆಚ್ಚುಕಡಿಮೆ ಅಷ್ಟು ಸಣ್ಣ ವಿವರವನ್ನು ಬಿಡಿಸಿ ತೋರಿಸಬಲ್ಲದು. ಸಾಧಾರಣ ರಾತ್ರಿಯ ಗಾಳಿ ಇದಕ್ಕಿಂತ ಜಾಸ್ತಿಯೇ ಕಲಸಿಬಿಡುತ್ತದೆ. ಆಗ ಹತ್ತಿಂಚಿನ ಟೆಲಿಸ್ಕೋಪು ತಂದರೂ ಗುರು ದೊಡ್ಡದಾಗಿ ಕುಣಿಯುತ್ತದೆ ಅಷ್ಟೆ. ಸಣ್ಣ ಟೆಲಿಸ್ಕೋಪು ತನ್ನ ಪೂರ್ತಿ ಕಸುಬು ತೋರಿಸುವುದು ಗಾಳಿ ಸುಮ್ಮನಿದ್ದಾಗ. ಹಾಗಾಗಿ ದುಡ್ಡು ಕೊಟ್ಟು ಕನ್ನಡಿ ದೊಡ್ಡದು ಮಾಡಿಕೊಳ್ಳುವುದಕ್ಕಿಂತ ಅಲಾರಾಂ ಇಟ್ಟುಕೊಳ್ಳುವುದು ಅಗ್ಗ.

ಕನ್ನಡಿಗೂ ತಣಿಯಲು ಹೊತ್ತು ಬೇಕು. ಬೆಚ್ಚನೆ ರೂಮಿನಿಂದ ಹೊರಗೆ ತಂದ ಕನ್ನಡಿಯ ಮೇಲೆಯೇ ಒಂದು ಸಣ್ಣ ಬಿಸಿ ಗಾಳಿಯ ಪದರ ಏಳುತ್ತಿರುತ್ತದೆ. ಮುಕ್ಕಾಲು ಗಂಟೆ ಕಾಯಬೇಕು. ಸಂಜೆ ಈ ಕಾಯುವಿಕೆಯೇ ಬೇಜಾರು. ನಾನು ಈಗ ರಾತ್ರಿ ಮಲಗುವ ಮೊದಲೇ ಟೆಲಿಸ್ಕೋಪನ್ನು ಹಿಂದಿನ ವರಾಂಡದಲ್ಲಿ, ಗ್ರಿಲ್ಲಿನ ಒಳಗೆ ಇಟ್ಟುಬಿಡುತ್ತೇನೆ. ನಾನು ಮಲಗಿದ್ದಾಗ ಕನ್ನಡಿ ತಣಿಯುತ್ತದೆ. ಬಸ್ಸು ತಪ್ಪಿದ ದಿನ ಆಗಿದ್ದೂ ಅದೇ, ನನಗೆ ಗೊತ್ತಿರಲಿಲ್ಲ ಅಷ್ಟೆ.

ಕಣ್ಣಿಗೂ ಇದೇ ನ್ಯಾಯ. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಿದ್ದೆಯಿಂದ ಎದ್ದ ಕಣ್ಣು ಆಗಲೇ ತಯಾರಾಗಿರುತ್ತದೆ. ಲೈಟ್ ಹಾಕದೆ, ಮೊಬೈಲ್ ನೋಡದೆ ಹಿತ್ತಿಲಿಗೆ ಬಂದರೆ ಸಾಕು. ಮೊಬೈಲ್ ನೋಡದೆ ಇರುವುದೇ ಕಷ್ಟ, ಅಲ್ವಾ? ದಾರಿ ಕಾಣಲು ಬೆಳಕು ಬೇಕಾದರೆ ಟಾರ್ಚಿಗೆ ಕೆಂಪು ಬಣ್ಣದ ತೆಳು ಹಾಳೆ ಸುತ್ತಿ. ಮಂದ ಬೆಳಕಿಗೆ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ. ಆ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಅದಕ್ಕೇ ಮಸುಕಾದ ವಸ್ತುವನ್ನು ನೇರ ನೋಡಿದರೆ ಮಾಯವಾಗುತ್ತದೆ, ಓರೆಗಣ್ಣಿನಲ್ಲಿ ನೋಡಿದರೆ ಎದ್ದು ಕಾಣುತ್ತದೆ.

ನಾಲ್ಕು ತಿಂಗಳು ಮುಂದಿನ ಆಕಾಶ

ನಮ್ಮ ರೈತರು ಮಳೆಗೆ ನಕ್ಷತ್ರದ ಹೆಸರು ಇಟ್ಟಿದ್ದಾರೆ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ. ಆರಿದ್ರಾ ಮಳೆ ಶುರುವಾಗುವುದು ಜೂನ್ 21, 22ರ ಹೊತ್ತಿಗೆ. ಅಂದರೆ ಸೂರ್ಯ ಆಗ ಆರಿದ್ರಾ ನಕ್ಷತ್ರದ ಪಾಲಿಗೆ ಬಂದ ಆಕಾಶದಲ್ಲಿದ್ದಾನೆ ಅಂತ ಅರ್ಥ. ಇದರಲ್ಲೊಂದು ತಮಾಷೆ ಇದೆ. ಆರಿದ್ರಾ ಮಳೆ ಸುರಿಯುವಾಗ ಆ ನಕ್ಷತ್ರವನ್ನು ಯಾರೂ ನೋಡಲಾರರು. ಮೋಡದ ಮಾತು ಬಿಡಿ, ಅದು ಸೂರ್ಯನ ಜೊತೆಗೇ ಮೂಡಿ ಸೂರ್ಯನ ಜೊತೆಗೇ ಮುಳುಗುತ್ತಿರುತ್ತದೆ.

ಸೂರ್ಯ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ನಿಜಕ್ಕೂ ಸರಿಯುವುದು ಭೂಮಿ, ನಮಗೆ ಕಾಣುವುದು ಹಾಗೆ. ಇದರ ಫಲವಾಗಿ ಪ್ರತಿ ನಕ್ಷತ್ರ ದಿನಕ್ಕೆ ಸುಮಾರು 4 ನಿಮಿಷ ಬೇಗ ಮೂಡುತ್ತದೆ. ತಿಂಗಳಿಗೆ 2 ಗಂಟೆ. ಹಾಗಾಗಿ ಸೂರ್ಯನ ಹಿಂದೆ ಮರೆಯಾದ ಆರಿದ್ರಾ ತಿಂಗಳೊಪ್ಪತ್ತಿನಲ್ಲಿ ಮತ್ತೆ ಕಾಣುವುದು ಪೂರ್ವದಲ್ಲಿ, ಬೆಳಗಿನ ಜಾವ. ಸಂಜೆಯ ಆಕಾಶಕ್ಕೆ ಬರಲು ಅದಕ್ಕೆ ಇನ್ನೂ ಎಷ್ಟೋ ತಿಂಗಳು ಬೇಕು. ಮುಂಜಾನೆ ಎದ್ದವನಿಗೆ ಆಗಲೇ ಸಿಕ್ಕಿರುತ್ತದೆ.

ಲೆಕ್ಕ ಹಾಕಿ ನೋಡಿ. ಅಕ್ಟೋಬರ್ ಮಧ್ಯದಲ್ಲಿ ಬೆಳಗ್ಗೆ ನಾಲ್ಕೂವರೆಗೆ ಕಾಣುವ ಆಕಾಶವೇ ಫೆಬ್ರವರಿ ಮಧ್ಯದಲ್ಲಿ ರಾತ್ರಿ ಎಂಟೂವರೆಗೆ ಕಾಣುವುದು. ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜ, ಆಗ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ, ಅತ್ಯಂತ ಎತ್ತರದಲ್ಲಿ ಇರುತ್ತಾನೆ. ಅವನ ಸೊಂಟದ ಮೂರು ನಕ್ಷತ್ರಗಳ ಕೆಳಗೆ ತೂಗುವ ಕತ್ತಿಯ ನಡುವೆ ಒಂದು ಮಸುಕು ಇದೆ. 26 ಪಟ್ಟಿನಲ್ಲಿ ನೋಡಿದರೆ ರೆಕ್ಕೆ ಬಿಚ್ಚಿದ ಹಕ್ಕಿಯಂಥ ಬೂದು ಬೆಳಕು. 65 ಪಟ್ಟಿನಲ್ಲಿ ಅದರ ನಡುವೆ ನಾಲ್ಕು ಪುಟ್ಟ ನಕ್ಷತ್ರ, ಗುಂಪಾಗಿ. ಫೋಟೊದಲ್ಲಿ ಕಾಣುವ ಕೆಂಪು, ನೇರಳೆ ಹುಡುಕಬೇಡಿ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯುವುದಿಲ್ಲ. ಸುಮಾರು 1,340 ಜ್ಯೋತಿರ್ವರ್ಷ ದೂರ. ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟ ಬೆಳಕು ಅದು.

ಅದೇ ಹೊತ್ತಿಗೆ ದಕ್ಷಿಣಕ್ಕೆ ತಿರುಗಿದರೆ, ತೆಂಗಿನ ಗರಿಗಳ ನಡುವೆ ಅಗಸ್ತ್ಯ. ಲುಬ್ಧಕನ ನಂತರ ಇಡೀ ರಾತ್ರಿ ಆಕಾಶದಲ್ಲಿ ಎರಡನೇ ಪ್ರಕಾಶದ ನಕ್ಷತ್ರ. ಅಗಸ್ತ್ಯ ಮೂಡಿದರೆ ಕದಡಿದ ನೀರು ತಿಳಿಯಾಗುತ್ತದೆ ಅನ್ನುವ ಮಾತು ಹಳೆಯ ಕಾವ್ಯಗಳಲ್ಲಿ ಬರುತ್ತದೆ. ಮಳೆಯ ಅಬ್ಬರ ಇಳಿಯುವ ಹೊತ್ತಿಗೆ ಈ ನಕ್ಷತ್ರ ಮುಂಜಾನೆ ಮೊದಲ ಸಲ ಕಾಣಿಸಿಕೊಳ್ಳುತ್ತಿತ್ತು. ಮೋಡದ ಸಂದಿಯಲ್ಲಿ ನಸುಕಿಗೆ ಎದ್ದು ನೋಡಿದ ಯಾರೋ ಕಟ್ಟಿದ ಮಾತು ಅದು.

ಫೆಬ್ರವರಿಯ ನಾಲ್ಕೂವರೆ ನನಗೆ ಇನ್ನೂ ಇಷ್ಟ. ದಕ್ಷಿಣದಲ್ಲಿ ತ್ರಿಶಂಕು (ಸದರ್ನ್ ಕ್ರಾಸ್ ನಕ್ಷತ್ರಪುಂಜ) ನಿಂತಿರುತ್ತಾನೆ, ದಿಗಂತದಿಂದ ಬರೀ 17 ಡಿಗ್ರಿ ಮೇಲೆ. ಅವನ ಎಡಕ್ಕೆ ಆಲ್ಫಾ ಸೆಂಟಾರಿ, 4.3 ಜ್ಯೋತಿರ್ವರ್ಷ ದೂರದ ನಮ್ಮ ನೆರೆಮನೆ. ಬರಿಗಣ್ಣಿಗೆ ಒಂದು, ಟೆಲಿಸ್ಕೋಪಿನಲ್ಲಿ ಎರಡು ನಕ್ಷತ್ರ. ಇನ್ನೂ ಸ್ವಲ್ಪ ಮೇಲೆ, 29 ಡಿಗ್ರಿ ಎತ್ತರದಲ್ಲಿ, ಒಮೆಗಾ ಸೆಂಟಾರಿ. ಬರಿಗಣ್ಣಿಗೆ ಒರೆಸಿದ ಹಾಗೆ ಕಾಣುವ ನಕ್ಷತ್ರ. 65 ಪಟ್ಟಿನಲ್ಲಿ ನೋಡಿದಾಗ, ಕಪ್ಪು ಬಟ್ಟೆಯ ಮೇಲೆ ಚಿರೋಟಿ ರವೆ ಚೆಲ್ಲಿದ ಹಾಗೆ. ಸುಮಾರು 17,000 ಜ್ಯೋತಿರ್ವರ್ಷ ಆಚೆ, ಒಂದು ಕೋಟಿಯಷ್ಟು ನಕ್ಷತ್ರಗಳು ಒಂದೇ ಉಂಡೆಯಲ್ಲಿ. ಲಂಡನ್ನಿನಲ್ಲಿರುವ ಕನ್ನಡಿಗರು ಎಷ್ಟು ದುಬಾರಿ ಟೆಲಿಸ್ಕೋಪು ಕೊಂಡರೂ ಅಲ್ಲಿಂದ ಇದನ್ನು ನೋಡಲಾರರು. ಅಲ್ಲಿ ಅದು ಮೂಡುವುದೇ ಇಲ್ಲ.

ದಕ್ಷಿಣ ನಮಗೆ ಇಷ್ಟು ಉದಾರ, ಉತ್ತರ ಅಷ್ಟೇ ಜಿಪುಣ. ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತದೆ ಅನ್ನುವುದು ನಮ್ಮ ಅಕ್ಷಾಂಶದಷ್ಟೇ. ಹಾಸನ, ಬೆಂಗಳೂರಿಗೆ 13 ಡಿಗ್ರಿ. ನಮ್ಮ ಮನೆಯಿಂದ ಅದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ. ಹೊಸದಾಗಿ ಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಿ. ಧ್ರುವಕ್ಕೆ ಗುರಿಯಿಟ್ಟು ನಿಲ್ಲಿಸಬೇಕಾದ ಈಕ್ವಟೋರಿಯಲ್ ಸ್ಟ್ಯಾಂಡುಗಳಲ್ಲಿ ಕೆಲವು ಇಷ್ಟು ಕೆಳಗೆ ಬಾಗುವುದೇ ಇಲ್ಲ. ಬಾಗಿದರೂ ತೂಕದ ಗುಂಡು ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್ ಪೀಠ ನಮ್ಮೂರಿಗೆ ಲೇಸು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ಡಾಬ್ಸನ್ ಎಂಬಾತ 1960ರ ದಶಕದಲ್ಲಿ ಪ್ಲೈವುಡ್ಡಿನಂಥ ಸಾಮಾನಿನಿಂದ ಮಾಡಿ ಬೀದಿಯ ಜನಕ್ಕೆಲ್ಲ ಆಕಾಶ ತೋರಿಸಿದ ಪೀಠ ಅದು. ಭೂಮಿ ತಿರುಗುವುದರಿಂದ 100 ಪಟ್ಟಿನಲ್ಲಿ ಗ್ರಹವೊಂದು ಎರಡೇ ನಿಮಿಷದಲ್ಲಿ ನೋಟದಿಂದ ಜಾರುತ್ತದೆ. ಆಗಾಗ ಮೆಲ್ಲಗೆ ತಳ್ಳುತ್ತಿರಬೇಕು. ನಾಲ್ಕು ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಚಂದ್ರನ ಸೂರ್ಯಾಸ್ತ

ಗೋಡೆಗೆ ನೇತುಹಾಕಿದ ಕ್ಯಾಲೆಂಡರಿಗಿಂತ ಒಳ್ಳೆಯ ಆಕಾಶದ ಟೈಂಟೇಬಲ್ ಇಲ್ಲ. ಶುಕ್ಲ ಪಕ್ಷ ಸಂಜೆಯವರದು, ಬಹುಳ ಬೆಳಗಿನವರದು. ಸಂಜೆ ಮಾತ್ರ ನೋಡುವವರು ಚಂದ್ರನ ಅರ್ಧ ಕತೆಯನ್ನಷ್ಟೇ ಓದುತ್ತಾರೆ.

ಚಂದ್ರನಲ್ಲಿ ನೋಡಬೇಕಾದ ಜಾಗ ಬೆಳಕು ಕತ್ತಲೆ ಸೇರುವ ಗಡಿ. ಅಲ್ಲಿ ಸೂರ್ಯ ದಿಗಂತದ ಹತ್ತಿರ ಇರುವುದರಿಂದ ಗುಡ್ಡದ ನೆರಳು ಉದ್ದಕ್ಕೆ ಬೀಳುತ್ತದೆ, ಕುಳಿಯ ಆಳ ತಿಳಿಯುತ್ತದೆ. ಹುಣ್ಣಿಮೆ ದಿನ ನೆರಳೇ ಇಲ್ಲ, ಚಂದ್ರ ಸುಣ್ಣ ಬಳಿದ ಗೋಡೆ. ಬಿದಿಗೆಯಿಂದ ಹುಣ್ಣಿಮೆವರೆಗೆ ನಾವು ನೋಡುವ ಗಡಿಯಲ್ಲಿ ಚಂದ್ರನ ಮೇಲೆ ಬೆಳಗಾಗುತ್ತಿರುತ್ತದೆ. ಹುಣ್ಣಿಮೆ ಕಳೆದ ಮೇಲೆ ಅದೇ ಗಡಿಯಲ್ಲಿ ಸಂಜೆ. ನಮ್ಮ ಬೆಳಗಿನ ಜಾವ ನಾವು ನೋಡುವುದು ಅಲ್ಲಿಯ ಸೂರ್ಯಾಸ್ತ.

ಅದರಿಂದ ಏನು ವ್ಯತ್ಯಾಸ ಅನ್ನುತ್ತೀರಾ? ಚಂದ್ರನ ಮೇಲೆ 'ನೇರ ಗೋಡೆ' ಅಂತ ಒಂದು ಜಾಗ ಇದೆ. ಲ್ಯಾಟಿನ್ ಹೆಸರು ರೂಪೆಸ್ ರೆಕ್ಟಾ. ನೆಲ ಬಿರುಕು ಬಿಟ್ಟು ಒಂದು ಬದಿ ಕುಸಿದಿದೆ. ಉದ್ದ ಸುಮಾರು 110 ಕಿಲೋಮೀಟರ್, ಎತ್ತರ ಕೆಲವು ನೂರು ಮೀಟರ್. ಶುಕ್ಲ ಪಕ್ಷದ ನವಮಿ ಸಂಜೆ ಇದು ಪೆನ್ನಿನಲ್ಲಿ ಎಳೆದ ಕಪ್ಪು ಗೆರೆ. ಬಹುಳ ಅಷ್ಟಮಿಯ ಬೆಳಗ್ಗೆ ಅದೇ ಗೋಡೆ ಬಿಳಿ ಗೆರೆ. ಗೋಡೆಯ ಇಳಿಜಾರು ಪಶ್ಚಿಮಕ್ಕೆ ಮುಖ ಮಾಡಿದೆ. ಚಂದ್ರನ ಬೆಳಗಿನಲ್ಲಿ ಸೂರ್ಯ ಪೂರ್ವದಲ್ಲಿ, ಗೋಡೆಯ ಮುಂದೆ ನೆರಳು. ಚಂದ್ರನ ಸಂಜೆಯಲ್ಲಿ ಸೂರ್ಯ ಪಶ್ಚಿಮದಲ್ಲಿ, ಗೋಡೆಯ ಮೈಗೆಲ್ಲ ಬಿಸಿಲು. ಎರಡನ್ನೂ ನೋಡಿದ ಮೇಲೆಯೇ ಅದು ಗೋಡೆ ಅಂತ ನನಗೆ ನಿಜವಾಗಿ ಅನ್ನಿಸಿದ್ದು.

ಇನ್ನೊಂದು ಜಾಗ ನಮಗೆಲ್ಲ ಹತ್ತಿರದ್ದು. ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಇಳಿದದ್ದು ಚಂದ್ರನ 69 ಡಿಗ್ರಿ ದಕ್ಷಿಣದ ಆಸುಪಾಸಿನಲ್ಲಿ. ಅಲ್ಲಿ ಬೆಳಗಾಗುವುದನ್ನು ಕಾದು ಇಳಿಸಿದ್ದರು, ಯಾಕೆಂದರೆ ಅದು ಬಿಸಿಲಿನಿಂದ ಕೆಲಸ ಮಾಡುವ ಯಂತ್ರ. ಸೆಪ್ಟೆಂಬರ್ 4ರಂದು ಅದನ್ನು ಮಲಗಿಸಿದರು. ಹುಣ್ಣಿಮೆ ಆಗಸ್ಟ್ 31ಕ್ಕೆ ಮುಗಿದಿತ್ತು. ಅಂದರೆ ಮಲಗಿಸಿದ್ದು ಬಹುಳ ಪಂಚಮಿಯಂದು. ಈಗಲೂ ಯಾವ ತಿಂಗಳಾದರೂ ಸರಿ, ಬಹುಳ ಚೌತಿ, ಪಂಚಮಿಯ ಬೆಳಗ್ಗೆ ಚಂದ್ರ ನೆತ್ತಿಯ ಆಸುಪಾಸಿನಲ್ಲಿರುವಾಗ ದಕ್ಷಿಣದ ಅಂಚನ್ನು ನೋಡಿ. ಕುಳಿಗಳು ಒಂದರ ಮೇಲೊಂದು ಒತ್ತಿಕೊಂಡ ಆ ಜಾಗದಲ್ಲಿ ಸುಮಾರು 100 ಕಿಲೋಮೀಟರ್ ಅಗಲದ ಮ್ಯಾಂಜಿನಸ್ ಕುಳಿ ಇದೆ, ಓರೆಯಾಗಿ ಕಾಣುವುದರಿಂದ ಮೊಟ್ಟೆಯಾಕಾರ. ವಿಕ್ರಮ್ ಅದರಿಂದ ಹೆಚ್ಚು ದೂರ ಇಲ್ಲ. ವಿಕ್ರಮ್ ಕಾಣುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಐದಿಂಚಿಗೆ ಚಂದ್ರನ ಮೇಲೆ ಒಂದೂವರೆ, ಎರಡು ಕಿಲೋಮೀಟರಿಗಿಂತ ಸಣ್ಣದು ಕಾಣುವುದಿಲ್ಲ. ಆದರೆ ಆ ಜಾಗಕ್ಕೆ ಕತ್ತಲು ಹತ್ತುವುದು ಕಾಣುತ್ತದೆ. ಅವತ್ತು ವಿಕ್ರಮನ ಮೇಲೆ ಕವಿದ ಕತ್ತಲು ಇದೇ. ನಿಮ್ಮ ಟೆಲಿಸ್ಕೋಪು ನನ್ನದರ ಹಾಗೆ ಕನ್ನಡಿಯದಾದರೆ ಚಿತ್ರ ತಲೆಕೆಳಗು ಇರುತ್ತದೆ, ದಕ್ಷಿಣವನ್ನು ಮೇಲುಗಡೆ ಹುಡುಕಿ.

ಬೆಳ್ಳಿಯ ಕೊಂಬು

2025ರ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಐದೂಕಾಲಿಗೆ ಕೆಂಪು ಟಾರ್ಚು ಹಿಡಿದು ಬಾವಿಯ ಹತ್ತಿರ ಬಗ್ಗಿದ್ದೆ. ಬೇಲಿಯಾಚೆಯಿಂದ ಜೋರಾಗಿ ದನಿ ಬಂತು. "ಯಾರ್ಲಾ ಅದು?"

"ನಾನೇ ತಾತ, ನಕ್ಷತ್ರ ನೋಡ್ತಿದೀನಿ."

ಪಕ್ಕದ ಮನೆ ತಾತ ಕೋಲು ಹಿಡಿದೇ ಬಂದರು. ಕೆಂಪು ಬೆಳಕು ಅಲುಗಾಡುವುದು ನೋಡಿ ಕಳ್ಳ ಅಂದುಕೊಂಡಿದ್ದರಂತೆ. ಬಂದವರು ಬರಿಗೈಲಿ ಹೋಗಬಾರದಲ್ಲ, ಐಪೀಸಿಗೆ ಕಣ್ಣಿಡಿ ಅಂದೆ. ಸ್ವಲ್ಪ ಹೊತ್ತು ನೋಡಿದರು.

"ಚಂದ್ರ ಅಲ್ವೇನ್ಲಾ ಇದು?"

"ಅಲ್ಲ ತಾತ, ಬೆಳ್ಳಿ."

ತಲೆ ಎತ್ತಿ ಪೂರ್ವ ನೋಡಿದರು. ಮತ್ತೆ ಬಗ್ಗಿದರು. "ಬೆಳ್ಳಿಗೂ ಕೊಂಬು ಐತಾ! ಹುಡುಗನಿಂದ ಇದನ್ನ ನೋಡ್ಕಂಡೇ ನೇಗಿಲು ಕಟ್ಟೀವ್ನಿ, ಯಾರೂ ಹೇಳ್ಲೇ ಇಲ್ವಲ್ಲಪ್ಪಾ."

ಶುಕ್ರ ನಮಗಿಂತ ಸೂರ್ಯನಿಗೆ ಹತ್ತಿರ. ಅದಕ್ಕೇ ಆಕಾಶದಲ್ಲಿ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಲಾರದು. ಇದ್ದರೆ ಸಂಜೆ ಪಶ್ಚಿಮದಲ್ಲಿ, ಇಲ್ಲವೇ ಬೆಳಗ್ಗೆ ಪೂರ್ವದಲ್ಲಿ. ನಮಗೂ ಸೂರ್ಯನಿಗೂ ನಡುವೆ ಬಂದು ದಾಟಿದ ಮೇಲೆ ಅದು ಬೆಳಗಿನ ಬೆಳ್ಳಿ ಆಗುತ್ತದೆ. ಆಗ ನಮಗೆ ಹತ್ತಿರ ಇರುತ್ತದೆ, ಬಿಸಿಲು ಬಿದ್ದ ಬದಿ ಹೆಚ್ಚಾಗಿ ಆಚೆಗಿರುತ್ತದೆ. ಹಾಗಾಗಿ ದೊಡ್ಡ, ತೆಳ್ಳನೆ ಕುಡುಗೋಲು. ವಾರ ವಾರ ನೋಡುತ್ತಾ ಹೋದರೆ ಕುಡುಗೋಲು ದಪ್ಪವಾಗಿ ಅರ್ಧವಾಗುತ್ತದೆ, ಆಮೇಲೆ ತುಂಬುತ್ತದೆ. ಆದರೆ ಗಾತ್ರ ಸಣ್ಣದಾಗುತ್ತಾ ಹೋಗುತ್ತದೆ. ತುಂಬಿದ ಶುಕ್ರ ಕಾಣಬೇಕಾದರೆ ಅದು ಸೂರ್ಯನ ಆಚೆ ಬದಿಗೆ ಹೋಗಲೇಬೇಕು. 1610ರಲ್ಲಿ ಗೆಲಿಲಿಯೊ ಶುಕ್ರನ ಈ ಬದಲಾಗುವ ಆಕಾರಗಳನ್ನು ನೋಡಿಯೇ, ಅದು ಸುತ್ತುವುದು ಸೂರ್ಯನನ್ನು ಅಂತ ಗಟ್ಟಿ ಮಾಡಿಕೊಂಡಿದ್ದು. ಅವನ ಟೆಲಿಸ್ಕೋಪು ನನ್ನದಕ್ಕಿಂತ ಎಷ್ಟೋ ಸಣ್ಣದು.

ಸುಮಾರು 584 ದಿನಕ್ಕೊಮ್ಮೆ ಈ ಆಟ ಹೊಸದಾಗಿ ಶುರು. 2025ರ ಮಾರ್ಚ್ 23ರಂದು ಒಂದು ದಾಟು, ಅದರ ಮುಂದಿನದು 2026ರ ಅಕ್ಟೋಬರ್ 24ರಂದು. ಆ ನವೆಂಬರಿನ ಬೆಳಗುಗಳು ಕೊಂಬಿನ ಬೆಳ್ಳಿಯವು. ಒಂದು ಕಿವಿಮಾತು: ಶುಕ್ರನನ್ನು ಗಾಢ ಕತ್ತಲಲ್ಲಿ ನೋಡಬೇಡಿ, ಕಣ್ಣು ಕೋರೈಸಿ ಆಕಾರವೇ ತಿಳಿಯುವುದಿಲ್ಲ. ಆಕಾಶ ನೀಲಿಗೆ ತಿರುಗುವವರೆಗೆ ಕಾಯಿರಿ.

ಉಲ್ಕೆಗಳ ಬಗ್ಗೆ ಎರಡು ಮಾತು. ಅವಕ್ಕೆ ಟೆಲಿಸ್ಕೋಪು ಬೇಡ, ಚಾಪೆ ಸಾಕು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತಿದೆ. ಓಡುವ ದಿಕ್ಕಿಗೆ ಮುಖ ಮಾಡಿರುವುದು ಬೆಳಗಾಗುತ್ತಿರುವ ಬದಿ. ಮಳೆಯಲ್ಲಿ ಹೋಗುವ ಬಸ್ಸಿನ ಮುಂದಿನ ಗಾಜಿಗೆ ಹನಿ ಜಾಸ್ತಿ ಬಡಿಯುವುದಿಲ್ಲವಾ, ಹಾಗೇ ಬೆಳಗಿನ ಜಾವ ಉಲ್ಕೆಗಳೂ ಜಾಸ್ತಿ. ಧೂಮಕೇತುಗಳದೂ ಸ್ವಲ್ಪ ಇದೇ ಕತೆ. ಬಾಲ ಬಿಚ್ಚುವುದು ಸೂರ್ಯನ ಹತ್ತಿರ ಬಂದಾಗ, ಹಾಗಾಗಿ ಚೆನ್ನಾಗಿ ಕಾಣುವುದು ಮುಸ್ಸಂಜೆ ಇಲ್ಲವೇ ನಸುಕಿಗೆ. 2024ರ ಅಕ್ಟೋಬರ್ ಶುರುವಿನಲ್ಲಿ ಬಂದ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನು ಬೆಂಗಳೂರಿನ ಜನ ಸೂರ್ಯ ಹುಟ್ಟುವ ಮೊದಲು ಎದ್ದೇ ನೋಡಿದ್ದು.

ಇಬ್ಬನಿ, ಹೊಗೆ, ಸೂರ್ಯ

ಬೆಳಗಿನ ಜಾವಕ್ಕೆ ಶತ್ರುಗಳು ಇಲ್ಲದೆ ಇಲ್ಲ. ಮೊದಲನೆಯದು ಇಬ್ಬನಿ. ಬಯಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಬೆಳಗ್ಗೆ ಒದ್ದೆ, ಮರದ ಕೆಳಗಿನದು ಒಣ. ಯಾಕೆ? ಬಯಲಲ್ಲಿರುವ ವಸ್ತು ತನ್ನ ಶಾಖವನ್ನು ನೇರ ಆಕಾಶಕ್ಕೆ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಮರದ ಕೆಳಗೆ ಎಲೆಗಳು ಹೊದಿಕೆ ಆಗುತ್ತವೆ. ಆಕಾಶಕ್ಕೆ ಮುಖ ಮಾಡಿದ ಗಾಜಿಗೂ ಇದೇ ಗತಿ. ನನ್ನ ಟೆಲಿಸ್ಕೋಪಿನ ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿರುವುದರಿಂದ ಬಚಾವು, ಬಾಯಿಯ ಹತ್ತಿರದ ಸಣ್ಣ ಕನ್ನಡಿ ಮಾತ್ರ ಮಂಜಾಗುತ್ತದೆ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಬಾಯಿಯ ಸುತ್ತ ಸುತ್ತಿ ಕೊಳವೆಯನ್ನು ಒಂದಡಿ ಉದ್ದ ಮಾಡಿದ್ದೇನೆ. ಬಹುತೇಕ ದಿನ ಸಾಕು. ಮಂಜು ಕೂತರೆ ಬಟ್ಟೆಯಲ್ಲಿ ಒರೆಸಬೇಡಿ, ಕನ್ನಡಿಯ ಲೇಪಕ್ಕೆ ಗೀರು ಬೀಳುತ್ತದೆ.

ಎರಡನೆಯದು ಹೊಗೆ. ಧನುರ್ಮಾಸದಲ್ಲಿ ಅಮ್ಮ ನನಗಿಂತ ಮೊದಲೇ ಎದ್ದಿರುತ್ತಾರೆ, ನಕ್ಷತ್ರ ಇರುವಾಗಲೇ ಪೂಜೆ ಆಗಬೇಕು. ಹುಗ್ಗಿಯ ಆಸೆಗೆ ಅದನ್ನು ಸಹಿಸಿಕೊಳ್ಳಬಹುದು. ಆದರೆ ಐದೂವರೆ ದಾಟಿದರೆ ಬೀದಿಯ ಹಂಡೆ ಒಲೆಗಳೆಲ್ಲ ಒಟ್ಟಿಗೆ ಹತ್ತುತ್ತವೆ. ತೆಂಗಿನ ಮಟ್ಟೆಯ ಹೊಗೆ ಹಾಸಿಕೊಂಡು ಪೂರ್ವದ ಆಕಾಶ ಕದಡುತ್ತದೆ.

ಮೂರನೆಯದು ಸೂರ್ಯ, ಅದರಲ್ಲಿ ತಮಾಷೆ ಇಲ್ಲ. ಶುಕ್ರನನ್ನೋ ಬುಧನನ್ನೋ ಹಿಂಬಾಲಿಸುತ್ತಾ ಮೈಮರೆತರೆ ಸೂರ್ಯ ಅದೇ ದಿಕ್ಕಿನಲ್ಲಿ ಹುಟ್ಟುತ್ತಾನೆ. ಟೆಲಿಸ್ಕೋಪಿನಲ್ಲಿ ಸೂರ್ಯ ಒಂದು ಕ್ಷಣ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು, ಶಾಶ್ವತವಾಗಿ. ಸೂರ್ಯ ಹುಟ್ಟುವ ಸಮಯವನ್ನು ಅದೇ ಗೋಡೆ ಕ್ಯಾಲೆಂಡರಿನಲ್ಲಿ ನೋಡಿಕೊಂಡು ಹತ್ತು ನಿಮಿಷ ಮೊದಲೇ ಟೆಲಿಸ್ಕೋಪನ್ನು ಪೂರ್ವದಿಂದ ತಿರುಗಿಸಿಬಿಡಿ. ಮಕ್ಕಳು ಏಳುವ ಮನೆಯಾದರೆ ಹಿತ್ತಿಲಲ್ಲಿ ಬಿಟ್ಟು ಕಾಫಿಗೆ ಒಳಗೆ ಹೋಗಬೇಡಿ.

ಒಳಗೆ ತಂದ ತಕ್ಷಣ ಮುಚ್ಚಳ ಹಾಕುವುದು ನಾನು ಮಾಡಿದ ತಪ್ಪು. ತೇವ ಒಳಗೇ ಉಳಿದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಐಪೀಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬಿತ್ತು. ಈಗ ಕೊಳವೆಯ ಬಾಯಿ ಸ್ವಲ್ಪ ಕೆಳಮುಖ ಮಾಡಿ ನಡುಮನೆಯ ಮೂಲೆಯಲ್ಲಿ, ಬಿಸಿಲು ತಾಗದ ಕಡೆ ಒಣಗಲು ಬಿಡುತ್ತೇನೆ. ಮುಚ್ಚಳ ಹಾಕುವುದು ಮಧ್ಯಾಹ್ನ, ಊಟ ಆದ ಮೇಲೆ.